ಈರುಳ್ಳಿಯ ಸಿಪ್ಪೆ

ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಜೀವಶಾಸ್ತ್ರ ಪಾಠ ಹೇಳಿದವನು ನಾನು. ಜೀವಕೋಶದ ಪಾಠ ಬಂದ ದಿನ ಬೆಳಿಗ್ಗೆ ಅಮ್ಮನ ಹತ್ತಿರ ಎರಡು ಈರುಳ್ಳಿ ಕೇಳುತ್ತಿದ್ದೆ. "ಹುಳಿಗೆ ಹಾಕೋದನ್ನ ಮಕ್ಕಳಿಗೆ ತೋರಿಸಿ ಏನು ಸಿಗುತ್ತೋ ನಿನಗೆ!" ಎಂದು ಗೊಣಗಿಕೊಂಡೇ ಬುಟ್ಟಿಯಲ್ಲಿ ಚೆನ್ನಾಗಿರುವುದನ್ನು ಆರಿಸಿ ಕೊಡುತ್ತಿದ್ದಳು.

ಶಾಲೆಗಿದ್ದದ್ದು ಒಂದೇ ಸೂಕ್ಷ್ಮದರ್ಶಕ. ಈರುಳ್ಳಿಯ ಒಳಪದರದ ತೆಳು ಸಿಪ್ಪೆಗೆ ಒಂದು ಹನಿ ಅಯೋಡಿನ್ ಬಿಟ್ಟು ನೋಡಿದರೆ ಇಟ್ಟಿಗೆ ಜೋಡಿಸಿದ ಹಾಗೆ ಸಾಲು ಸಾಲು ಕೋಣೆಗಳು, ಕೋಣೆಗೊಂದು ಬೊಟ್ಟು. ಆ ಬೊಟ್ಟೇ ಕೋಶಕೇಂದ್ರ. 1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಕಾರ್ಕಿನ ತೆಳು ಚೂರಿನಲ್ಲಿ ಕಂಡು ಹೆಸರಿಟ್ಟದ್ದು ಇಂಥ ಕೋಣೆಗಳಿಗೇ. ಪಾಪ, ಅವನು ಕಂಡದ್ದು ಸತ್ತ ಕೋಶಗಳ ಬರಿಯ ಗೋಡೆ; ಸಂಸಾರ ಬಿಟ್ಟುಹೋದ ಮನೆಗಳು.

ಆಮೇಲೆ ಹುಡುಗರ ಕೆನ್ನೆಯ ಒಳಗಿನಿಂದ ಮೆಲ್ಲನೆ ಕೆರೆದ ಕೋಶ. ಇದಕ್ಕೆ ಗೋಡೆಯಿಲ್ಲ, ಪೊರೆ ಮಾತ್ರ. ಗಿಡಕ್ಕೂ ನಮಗೂ ಇರುವ ವ್ಯತ್ಯಾಸಗಳಲ್ಲಿ ಇದೂ ಒಂದು. ಮೊಸರಿನ ಬ್ಯಾಕ್ಟೀರಿಯಾ ಇನ್ನೊಂದು ಜಾತಿ: ಗೋಡೆಯುಂಟು, ಕೋಶಕೇಂದ್ರವಿಲ್ಲ, ಡಿಎನ್‌ಎ ಒಳಗೆ ಹಾಗೆಯೇ ಬಿದ್ದಿರುತ್ತದೆ.

ಕೊನೆಗೆ ದೇಹದ ಕೆಲಸಗಾರರು. ಕೆಂಪು ರಕ್ತಕಣ ತನ್ನ ಕೋಶಕೇಂದ್ರವನ್ನೇ ಹೊರಹಾಕಿ ಆಮ್ಲಜನಕ ಹೊರುತ್ತದೆ. ಸುಮಾರು 120 ದಿನ ದುಡಿದು ಸಾಯುತ್ತದೆ. ಮೂಳೆಯ ಮಜ್ಜೆ ಸೆಕೆಂಡಿಗೆ ಇಪ್ಪತ್ತು ಲಕ್ಷದಷ್ಟು ಹೊಸಬರನ್ನು ಕಳಿಸುತ್ತಲೇ ಇರುತ್ತದೆ. ನರಕೋಶ ಹಾಗಲ್ಲ. ಬೆನ್ನುಹುರಿಯಿಂದ ಪಾದದವರೆಗೆ ಒಂದು ಮೀಟರಿನಷ್ಟು ಎಳೆ ಚಾಚುವ ನರಕೋಶಗಳಿವೆ. ಆದರೆ ಮಿದುಳಿನಲ್ಲಿ ಸತ್ತ ನರಕೋಶದ ಜಾಗಕ್ಕೆ ಸಾಮಾನ್ಯವಾಗಿ ಇನ್ನೊಂದು ಬರುವುದಿಲ್ಲ. "ಎರಡು ಅಂಕದ ಪ್ರಶ್ನೆ, ಬರೆದುಕೊಳ್ಳಿ" ಎಂದು ಮುಂದೆ ಹೋಗುತ್ತಿದ್ದೆ.

ನಾನು ನಿವೃತ್ತನಾದ ವರ್ಷ ಅಮ್ಮನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಬಿತ್ತು, ಮಾತು ನಿಂತಿತು. "ರಕ್ತ ಹರಿಯದ ಕಡೆ ನರಕೋಶಗಳು ಸತ್ತಿವೆ. ಅವು ಮತ್ತೆ ಹುಟ್ಟುವುದಿಲ್ಲ" ಎಂದರು ಡಾಕ್ಟರು. ನಾನೇ ಬರೆಸಿದ ಉತ್ತರ. ಹೊರಗೆ ಬಂದು ಬೆಂಚಿನ ಮೇಲೆ ಕುಳಿತಾಗ, ಇಷ್ಟು ವರ್ಷ ಅದನ್ನು ಅರ್ಥ ಮಾಡಿಕೊಳ್ಳದೆಯೇ ಹೇಳಿದ್ದೆ ಅನ್ನಿಸಿತು.

ಡಾಕ್ಟರು ಇನ್ನೊಂದು ಮಾತನ್ನೂ ಹೇಳಿದ್ದರು. ಉಳಿದ ನರಕೋಶಗಳು ತಮ್ಮತಮ್ಮಲ್ಲಿ ಹೊಸ ನಂಟು ಬೆಳೆಸಬಲ್ಲವು. ಬಿಡದೆ ಅಭ್ಯಾಸ ಮಾಡಿಸಬೇಕು. ಸರಿ, ದಿನಾ ಬೆಳಿಗ್ಗೆ ಅಮ್ಮನ ಮುಂದೆ ಕುಳಿತು ಲೋಟ, ಬಾಚಣಿಗೆ, ಈರುಳ್ಳಿ ಒಂದೊಂದನ್ನೇ ಹಿಡಿದು "ಇದೇನಮ್ಮ?" ಎಂದು ಕೇಳತೊಡಗಿದೆ. ಈಗ ಅವಳೇ ವಿದ್ಯಾರ್ಥಿನಿ. ನಾಲ್ಕು ತಿಂಗಳು ಕಳೆದವು. ಲೆಕ್ಕದ ಪ್ರಕಾರ ಅವಳ ಕೆಂಪು ರಕ್ತಕಣಗಳೆಲ್ಲ ಒಂದು ಸುತ್ತು ಬದಲಾಗಿರಬೇಕು. ಮಾತು ಮಾತ್ರ ಬರಲಿಲ್ಲ.

ಐದನೆಯ ತಿಂಗಳಲ್ಲಿ ಒಂದು ದಿನ ಈರುಳ್ಳಿ ಹಿಡಿದಾಗ ಅವಳ ತುಟಿ ಬಹಳ ಹೊತ್ತು ಅಲುಗಿತು. ತೊದಲುತ್ತ ಹೇಳಿದಳು: "ಹು... ಹುಳಿ."

ಉತ್ತರ ತಪ್ಪು. ಪೂರ್ತಿ ಅಂಕ ಕೊಟ್ಟೆ.