ಮೈಸೂರಿನಲ್ಲಿ ಕಲಿತ ಪುಸ್ತಕಬಂಧನ

ಮೈಸೂರಿಗೆ ಹೋದವರು ಅರಮನೆ, ಚಾಮುಂಡಿಬೆಟ್ಟ, ಮೃಗಾಲಯಗಳನ್ನು ಕಂಡು ಹಿಂದಿರುಗುವುದು ವಾಡಿಕೆ. ಓದುವ ಹವ್ಯಾಸವುಳ್ಳ ಗೃಹಸ್ಥರು ಆ ನಗರದಲ್ಲಿ ಅವಶ್ಯವಾಗಿ ನೋಡತಕ್ಕ ಸ್ಥಳ ಮತ್ತೊಂದುಂಟು. ಅದು ಪ್ರಾಚ್ಯವಿದ್ಯಾ ಸಂಶೋಧನಾಲಯ. ಹತ್ತನೆಯ ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ, 1891ರಲ್ಲಿ, ಓರಿಯಂಟಲ್ ಲೈಬ್ರರಿ ಎಂಬ ಹೆಸರಿನಿಂದ ಅದು ಸ್ಥಾಪಿತವಾಯಿತು. ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದೊಪ್ಪಿಸಿದ ಓಲೆಗಳ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿರುವುದನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದುದು ಅಲ್ಲಿಯೇ.

ಲೋಕವೆಲ್ಲ ಕಳೆದುಹೋಯಿತೆಂದು ಬಗೆದಿದ್ದ ಆ ಶಾಸ್ತ್ರವನ್ನು ಅಷ್ಟು ದಿನ ಕಾಪಾಡಿದುದು ಏನು? ಓಲೆಗರಿಗೆ ರಂಧ್ರ ಮಾಡಿ ಪೋಣಿಸಿದ ದಾರ, ಮೇಲೂ ಕೆಳಗೂ ಇರಿಸಿದ ಮರದ ಹಲಗೆ, ಹುಳು ಸೋಂಕದಂತೆ ಗರಿಗೆ ತೊಡೆದ ಎಣ್ಣೆ, ಇಷ್ಟೇ. ‘ಗ್ರಂಥ’ವೆಂಬ ಶಬ್ದಕ್ಕೂ ಕಟ್ಟಿದುದು, ಪೋಣಿಸಿದುದು ಎಂದೇ ಮೂಲಾರ್ಥ, ಗಂಟೆಂಬ ಅರ್ಥದ ‘ಗ್ರಂಥಿ’ಯೂ ಅದೇ ಧಾತುವಿನಿಂದ ಬಂದುದು. ಹಳೆಯ ಲಿಪಿಕಾರರು ಪ್ರತಿ ಮಾಡಿ ಮುಗಿಸಿದಾಗ, ಎಣ್ಣೆಯಿಂದಲೂ ನೀರಿನಿಂದಲೂ ಸಡಿಲವಾದ ಕಟ್ಟಿನಿಂದಲೂ ತನ್ನನ್ನು ಕಾಪಾಡಬೇಕೆಂದು ಪುಸ್ತಕವೇ ಬೇಡಿಕೊಳ್ಳುವಂತೆ ಕೊನೆಯಲ್ಲಿ ಬರೆಯುತ್ತಿದ್ದರು. ಶಿಥಿಲವಾದ ಕಟ್ಟು ಎಣ್ಣೆ ನೀರುಗಳಷ್ಟೇ ದೊಡ್ಡ ಶತ್ರುವೆಂಬುದನ್ನು ಅವರು ಬಲ್ಲವರಾಗಿದ್ದರು.

ನಮ್ಮ ನಾಡಿನಲ್ಲಿ ದಾರವಿಲ್ಲದ ಪುಸ್ತಕವೂ ಇದ್ದಿತು. ಬಟ್ಟೆಗೆ ಹುಣಿಸೇಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಹಿಂದುಮುಂದಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಡತವೇ ಅದು. ಶೃಂಗೇರಿಯ ಮಠದ ಲೆಕ್ಕಪತ್ರಗಳು ಇಂಥ ಕಡತಗಳಲ್ಲಿ ಉಳಿದುಬಂದಿವೆ. ಈಗ ಕಚೇರಿಗಳಲ್ಲಿ ಆ ಹೆಸರು ಮಾತ್ರ ಉಳಿದಿದೆ.

ಇಂದು ಅಂಗಡಿಯಲ್ಲಿ ದೊರೆಯುವ ಪುಸ್ತಕಗಳಲ್ಲಿ ಎಷ್ಟೋ ದಾರವನ್ನೇ ಕಂಡವಲ್ಲ. ಹಾಳೆಗಳ ಬೆನ್ನನ್ನು ಕತ್ತರಿಸಿ ಬಿಸಿಯಾದ ಅಂಟಿನಿಂದ ಹತ್ತಿಸಿರುತ್ತಾರೆ. ಅಂಟು ಒಣಗಿ ಬಿರಿದೊಡನೆ ಹಾಳೆಗಳು ಒಂದೊಂದಾಗಿ ಉದುರುತ್ತವೆ. ಹೊಲಿದ ಪುಸ್ತಕವಾದರೋ ಸಡಿಲವಾದಾಗ ಬಿಚ್ಚಿ ಮರಳಿ ಹೊಲಿಯಬಹುದು.

ನಾನು ಈ ವಿದ್ಯೆಯನ್ನು ಕಲಿಯಲು ಹೊರಟುದಕ್ಕೆ ಕಾರಣ ನಮ್ಮ ತಾಯಿಯವರು ಬರೆದಿಟ್ಟ ಹಾಡಿನ ಪುಸ್ತಕ. ಆರತಿಯ ಹಾಡು, ತೊಟ್ಟಿಲ ಹಾಡು, ದಾಸರ ಪದ, ನಡುನಡುವೆ ಉಪ್ಪಿನಕಾಯಿಯ ಅಳತೆ, ಮಕ್ಕಳ ಜನ್ಮನಕ್ಷತ್ರ, ಎಲ್ಲವೂ ಅದರಲ್ಲಿವೆ. ಕಾಗದ ವ್ಯರ್ಥವಾಗಬಾರದೆಂದು ಅವರು ಹಾಳೆಯ ಅಂಚಿನವರೆಗೂ ಬರೆದಿದ್ದರು. ಅವರು ತೀರಿಕೊಂಡ ಕೆಲವು ವರ್ಷಗಳಲ್ಲಿ ಬೆನ್ನಿನ ದಾರ ಕಡಿದು ಹಾಳೆಗಳು ಕಳಚತೊಡಗಿದವು. ಯಂತ್ರದಿಂದ ಮೂರು ಅಂಚುಗಳನ್ನೂ ಸಮಮಾಡದೆ ರಟ್ಟು ಕಟ್ಟಲಾಗದೆಂದು ನಮ್ಮ ಊರಿನ ಅಂಗಡಿಯವರು ಹೇಳಿದರು. ಹಾಗೆ ಮಾಡಿದರೆ ಪ್ರತಿ ಸಾಲಿನ ಕಡೆಯ ಅಕ್ಷರವು ಕತ್ತರಿಯ ಪಾಲಾಗುವುದಷ್ಟೆ! ಆದುದರಿಂದ ಮೈಸೂರಿನಲ್ಲಿ ಮಗಳ ಮನೆಯಲ್ಲಿದ್ದ ಒಂದು ತಿಂಗಳು, ದೇವರಾಜ ಮಾರುಕಟ್ಟೆಗೆ ಅನತಿದೂರದ ಗಲ್ಲಿಯೊಂದರಲ್ಲಿ ಕೈಯಿಂದ ಕಟ್ಟು ಹಾಕುವ ವೃದ್ಧ ಸಾಹೇಬರಲ್ಲಿ ಶಿಷ್ಯವೃತ್ತಿಯನ್ನು ಕೈಕೊಂಡೆನು.

ಅವರದು ಹತ್ತು ಅಡಿಯ ಕೋಣೆ. ಗೋಡೆಯ ಉದ್ದಕ್ಕೂ ರಿಜಿಸ್ಟರುಗಳ ರಾಶಿ, ಮೂಲೆಯಲ್ಲಿ ತಿರುಪಿನ ಕಬ್ಬಿಣದ ಪ್ರೆಸ್ಸು, ಎಲ್ಲೆಲ್ಲೂ ಮೈದಾ ಅಂಟಿನ ವಾಸನೆ. ತಾಯಿಯವರ ಪುಸ್ತಕವನ್ನು ಎರಡು ಕೈಗಳಿಂದಲೂ ತೆಗೆದುಕೊಂಡು ನೋಡಿ, “ಮೇಷ್ಟ್ರೇ, ಇದಕ್ಕೆ ಈಗಲೇ ಕೈ ಹಾಕಬೇಡಿ. ಬಿಳೀ ಕಾಗದದಲ್ಲಿ ಹತ್ತು ಪುಸ್ತಕ ಹೊಲಿಯಿರಿ. ಆಮೇಲೆ ಅಮ್ಮನವರ ಪುಸ್ತಕ” ಎಂದರು.

ಮೊದಲನೆಯ ಪಾಠ ಕಾಗದದ್ದು. ಮರಕ್ಕಿರುವಂತೆ ಕಾಗದಕ್ಕೂ ನಾರಿನ ಓಟವುಂಟು. ಹಾಳೆಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಬಾಗಿಸಿದರೆ ಸುಲಭವಾಗಿ ಬಾಗುವ ಕಡೆಯೇ ಓಟದ ಕಡೆ. ಆ ಓಟವು ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿರಬೇಕು; ಇಲ್ಲವಾದರೆ ತೇವಕ್ಕೆ ರಟ್ಟು ಸೊಟ್ಟಗಾಗಿ ಹಾಳೆ ಸೆಟೆಯುವುದು. ಬಳಿಕ ನಾಲ್ಕು ಹಾಳೆಗಳನ್ನು ಒಂದರೊಳಗೊಂದಿಟ್ಟು ಮಡಿಸಿದರೆ 16 ಪುಟಗಳ ಒಂದು ಫಾರಂ ಆಗುತ್ತದೆ. ಮಡಿಕೆಯಲ್ಲಿ ಸಮದೂರಕ್ಕೆ ರಂಧ್ರ ಚುಚ್ಚಿ, ಜೇನುಮೇಣ ಸವರಿದ ದಾರದಿಂದ ಒಳಗಿನಿಂದ ಹೊರಕ್ಕೆ, ಹೊರಗಿನಿಂದ ಒಳಕ್ಕೆ ಹೊಲಿಯುತ್ತ, ಪ್ರತಿ ಫಾರಂನ ಕೊನೆಯಲ್ಲಿ ಕೆಳಗಿನ ಫಾರಂನ ದಾರಕ್ಕೆ ಗಂಟು ಹಾಕಬೇಕು. ಇಡೀ ವಿದ್ಯೆಯ ಮರ್ಮ ಈ ಹೊಲಿಗೆಯ ಬಿಗಿಯಲ್ಲಿದೆ. “ಬಿಗಿ ಹೆಚ್ಚಾದರೆ ಕಾಗದ ಹರಿಯುತ್ತದೆ, ಕಡಿಮೆಯಾದರೆ ಪುಸ್ತಕ ಬಾಯಿಬಿಡುತ್ತದೆ. ಮಕ್ಕಳನ್ನು ಸಾಕಿದ ಹಾಗೆ” ಎಂದು ಸಾಹೇಬರು ನಕ್ಕರು. ಮೂವತ್ತು ವರ್ಷ ಪಾಠ ಹೇಳಿದವನಿಗೆ ಆ ಮಾತಿಗೆ ವ್ಯಾಖ್ಯಾನ ಬೇಕಾಗಲಿಲ್ಲ.

ಹೊಲಿದ ಬೆನ್ನಿಗೆ ಅಂಟು ಸವರಿ ಜಾಳುಬಟ್ಟೆ ಹಚ್ಚಬೇಕು. ಒಣಗಿದ ಮೇಲೆ ರಟ್ಟಿಗೆ ಬಟ್ಟೆ ಹೊದಿಸಿ, ಮೊದಲ ಮತ್ತು ಕಡೆಯ ಬಿಳಿ ಹಾಳೆಗಳನ್ನು ರಟ್ಟಿನ ಒಳಮೈಗೆ ಅಂಟಿಸಿ, ಪ್ರೆಸ್ಸಿನಲ್ಲಿ ಒಂದು ರಾತ್ರಿ ಬಿಡಬೇಕು. ಹುಳು ಬಾರದಂತೆ ಕುಶಲಿಗಳು ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸುವರು. ಅದು ವಿಷವಾದುದರಿಂದ ಮಕ್ಕಳ ಕೈಗೆ ಸಿಕ್ಕಬಾರದು. ಬರಹದ ಹಾಳೆಗೆ ಸೋಕುವ ಅಂಟಿಗೆ ಅದನ್ನು ಬೆರೆಸದಿರುವುದೂ ಲೇಸು.

ಹತ್ತನೆಯ ಬಿಳಿಯ ಪುಸ್ತಕವನ್ನು ಸಾಹೇಬರು ಬಿಡಿಸಿ, ಮೇಜಿನ ಮೇಲೆ ಚಪ್ಪಟೆಯಾಗಿ ಮಲಗುವುದನ್ನು ಕಂಡು ತಲೆದೂಗಿದ ಮೇಲೆ ತಾಯಿಯವರ ಪುಸ್ತಕವನ್ನು ಬಿಚ್ಚಿದೆವು. ಒದ್ದೆಯಾದ ಹತ್ತಿಯ ಎಳೆಯನ್ನು ಒಂದು ಚುಕ್ಕೆಗೆ ಮುಟ್ಟಿಸಿ ಶಾಯಿ ಕರಗುವುದೋ ಎಂದು ಮೊದಲು ಪರೀಕ್ಷಿಸಿದರು. ಶಾಯಿ ಕದಡಿತು. ಆದುದರಿಂದ ಹರಿದ ಮಡಿಕೆಗಳಿಗೆ ತೆಳುಗಾಗದದ ಪಟ್ಟಿಯನ್ನು ಗಟ್ಟಿಯಾದ ಅಂಟಿನಿಂದ, ಅಕ್ಷರಕ್ಕೆ ತೇವ ತಗಲದಂತೆ, ಒಂದೊಂದಾಗಿ ಹಚ್ಚಿ ಒಣಗಿಸಿದೆವು. ಹಳೆಯ ರಂಧ್ರಗಳಲ್ಲಿಯೇ ಹೊಸ ದಾರ ಹೋಯಿತು. ಅಂಚಿಗೆ ಕತ್ತರಿ ಮುಟ್ಟಲಿಲ್ಲ. ರಟ್ಟನ್ನೇ ಹಾಳೆಗಿಂತ ತುಸು ದೊಡ್ಡದಾಗಿ ಕತ್ತರಿಸಿದೆವು. ಒಂದಕ್ಷರವೂ ನಷ್ಟವಾಗಲಿಲ್ಲ. ಕೂಲಿಯ ಮಾತೆತ್ತಿದಾಗ ಸಾಹೇಬರು ದಾರ, ಬಟ್ಟೆಗಳ ಬೆಲೆಯನ್ನು ಮಾತ್ರ ತೆಗೆದುಕೊಂಡರು.

ವಿಶ್ರಾಂತಿಯಲ್ಲಿರುವ ಹಿರಿಯರಿಗೂ ರಜೆಯಲ್ಲಿರುವ ಬಾಲಕ ಬಾಲಿಕೆಯರಿಗೂ ಇದಕ್ಕಿಂತ ಹಿತವಾದ ವಿನೋದ ವಿರಳ. ಸೂಜಿ, ದಬ್ಬಳ, ದಾರ, ಅಳತೆಪಟ್ಟಿ, ಚಾಕು, ರಟ್ಟು, ಒಂದು ಬಟ್ಟಲು ಅಂಟು ಇದ್ದರೆ ಸಾಕು; ಪ್ರೆಸ್ಸಿಗೆ ಬದಲಾಗಿ ಎರಡು ಹಲಗೆಗಳ ಮೇಲೆ ರುಬ್ಬುಗುಂಡನ್ನಿಡಬಹುದು. ಮಕ್ಕಳ ಹಳೆಯ ನೋಟುಬುಕ್ಕಿನಲ್ಲಿ ಉಳಿದ ಬಿಳಿಯ ಹಾಳೆಗಳಿಂದ ಅಭ್ಯಾಸವನ್ನು ಆರಂಭಿಸಿರಿ. ಆದರೆ ಅಟ್ಟದ ಮೇಲೆ ಓಲೆಯ ಕಟ್ಟಾಗಲಿ ಪುರಾತನ ಕೈಬರಹವಾಗಲಿ ದೊರೆತರೆ, ಅಂಟುಪಟ್ಟಿ ಹಚ್ಚದೆ, ಬಟ್ಟೆಯಲ್ಲಿ ಸುತ್ತಿ, ಬಲ್ಲವರಿಗೆ ತೋರಿಸತಕ್ಕದ್ದು. ಮನೆಯ ಹಿರಿಯರ ಕೈಬರಹಕ್ಕೆ ಎರಡನೆಯ ಪ್ರತಿಯಿರುವುದಿಲ್ಲ. ಅದರ ದಾರ ಸಡಿಲವಾಗಿದೆಯೇ ಎಂದು ಈ ಭಾನುವಾರವೇ ಒಮ್ಮೆ ತೆಗೆದು ನೋಡುವುದು ಒಳ್ಳೆಯದು.