ಜೀವಕೋಶಗಳ ಅನ್ನ

ಅನ್ನವನ್ನು ಅಳೆದು ಬಡಿಸಬೇಕೆಂಬುದು ರಾಯದುರ್ಗ, ಮಡಕಶಿರಗಳಂಥ ಮಳೆಗಾಣದ ಸೀಮೆಯವರಿಗೆ ಯಾರೂ ಕಲಿಸಬೇಕಾದ ಪಾಠವಲ್ಲ. ಆದರೆ ಕಣ್ಣಿಗೆ ಕಾಣದ ಜೀವಕೋಶಕ್ಕೂ ಅಳೆದು ಅನ್ನವಿಕ್ಕುವ ವಿದ್ಯೆಯೊಂದುಂಟೆಂಬುದನ್ನು ನಾನರಿತದ್ದು ನನ್ನ ಅಕ್ಕನ ಕಾಯಿಲೆಯಿಂದ.

ಅಕ್ಕನಿಗೆ ಸ್ತನದ ಅರ್ಬುದರೋಗ. ಬೆಂಗಳೂರಿನ ವೈದ್ಯರು ಆ ಬಗೆಯ ಅರ್ಬುದಕ್ಕೆ ತಕ್ಕುದಾದ ಟ್ರಾಸ್ಟುಝುಮಾಬ್ ಎಂಬ ಮದ್ದನ್ನು ಬರೆದುಕೊಟ್ಟರು. ಮೂರು ವಾರಗಳಿಗೊಮ್ಮೆ ರಕ್ತನಾಳಕ್ಕೆ ಹನಿಸುವ ಮದ್ದು ಅದು. ಬೆಲೆಯನ್ನು ಕೇಳಿದ ಭಾವನವರು ಶೇಂಗಾ ಬೆಳೆಯುವ ಹೊಲವನ್ನು ಮಾರುವ ಮಾತೆತ್ತಿದರು. ಇಷ್ಟೊಂದು ಬೆಲೆ ಏತಕ್ಕೆಂದು ತಿಳಿಯಹೊರಟೆ.

ಈ ಮದ್ದು ಒಂದು ದೊಡ್ಡ ಪ್ರೋಟೀನು. ರಸಾಯನಗಳನ್ನು ಬೆರೆಸಿ ಇದನ್ನು ಮಾಡಲಾಗದು, ಜೀವಕೋಶವೇ ಹೆಣೆದುಕೊಡಬೇಕು. 1957ರಲ್ಲಿ ಅಮೆರಿಕದ ಥಿಯೊಡೋರ್ ಪಕ್ ಎಂಬ ವಿಜ್ಞಾನಿ, ಚೀನಾದ ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಅಂಡಾಶಯದಿಂದ ಬೆಳೆಸಿದ ಕೋಶಗಳ ಸಂತತಿಯೇ ಇಂದಿಗೂ ಈ ಕೆಲಸವನ್ನು ಮಾಡುತ್ತಿದೆ. ಬೆಂಗಳೂರಿನ ಬಯೋಕಾನ್ ಸಂಸ್ಥೆಯು 2014ರಲ್ಲಿ ಇದೇ ಬಗೆಯ ಮದ್ದನ್ನು ಕ್ಯಾನ್‌ಮ್ಯಾಬ್ ಎಂಬ ಹೆಸರಿನಿಂದ, ಮೂಲ ಔಷಧಕ್ಕಿಂತ ಕಡಿಮೆ ಬೆಲೆಗೆ ಹೊರತಂದಿತು.

ದೇಹದ ಹೊರಗಿರುವ ಕೋಶ ಏನನ್ನುಣ್ಣುತ್ತದೆ? 1955ರಲ್ಲಿ ಹ್ಯಾರಿ ಈಗಲ್ ಎಂಬವರು ಆಹಾರದಿಂದ ಒಂದೊಂದೇ ಪದಾರ್ಥವನ್ನು ಕಳೆದು ನೋಡಿ ಉತ್ತರ ಕಂಡರು: 13 ಅಮೈನೊ ಆಮ್ಲಗಳು, ಕೆಲವು ಜೀವಸತ್ತ್ವಗಳು, ಗ್ಲೂಕೋಸು, ಲವಣಗಳು, ಜೊತೆಗೆ ರಕ್ತದಿಂದ ತೆಗೆದ ತುಸು ಸೀರಮ್. ರೋಗಾಣುವಿನ ಭಯದಿಂದಲೂ, ಪ್ರತಿಸಲವೂ ಅದರ ಗುಣ ಒಂದೇ ತೆರನಾಗಿರದುದರಿಂದಲೂ ಇಂದಿನ ಔಷಧಶಾಲೆಗಳು ಸೀರಮನ್ನು ಬಹುಮಟ್ಟಿಗೆ ಕೈಬಿಟ್ಟಿವೆ.

ಹಾಗಾದರೆ ಉಳಿದುದನ್ನು ಯಥೇಚ್ಛವಾಗಿ ಉಣಿಸಿದರಾಯಿತೇ? ಇಲ್ಲ. ಗ್ಲೂಕೋಸು ಅತಿಯಾದರೆ ಲ್ಯಾಕ್ಟಿಕ್ ಆಮ್ಲ, ಗ್ಲೂಟಮಿನ್ ಅತಿಯಾದರೆ ಅಮೋನಿಯ ಕೂಡಿಕೊಂಡು, ಕೋಶವು ತನ್ನ ಕಸದಲ್ಲಿಯೇ ಸೊರಗುತ್ತದೆ. ಕಡಿಮೆಯಾದರೆ ಹಸಿದು ಸಾಯುತ್ತದೆ. ಆದುದರಿಂದ ಸುಮಾರು ಎರಡು ವಾರಗಳ ಕಾಲ ದಿನದಿನವೂ ಪರೀಕ್ಷಿಸಿ, ಬೇಕಾದಷ್ಟನ್ನೇ ತುಸುತುಸುವಾಗಿ ಊಡುತ್ತಾರೆ. ಮದ್ದಿನ ಬೆಲೆಯಲ್ಲಿ ಈ ಜಾಗರಣೆಯ ಪಾಲೂ ಉಂಟು.

ಇದನ್ನು ಹೇಳಿದಾಗ ಅಕ್ಕ, “ಬಾಣಂತನದ ಮನೆಯಲ್ಲಿ ಕೂಸಿಗೆ ಉಣಿಸಿದ ಹಾಗೇ ಅಲ್ಲವೇನೋ?” ಎಂದಳು. ವರ್ಷದ ಚಿಕಿತ್ಸೆಗೆ ಒಂದೆಕರೆ ಹೋಯಿತು. ಅಕ್ಕ ಮತ್ತೆ ಮನೆಯಲ್ಲಿ ಅಡಿಗೆ ಮಾಡುತ್ತಿದ್ದಾಳೆ.

ಉಪಾಧ್ಯಾಯ ಬಂಧುಗಳೇ, ಕೋಶಗಳ ಈ ಆಹಾರದ್ರವಕ್ಕೆ ವಿಜ್ಞಾನದಲ್ಲಿ ‘ಮಾಧ್ಯಮ’ವೆಂದು ಹೆಸರು. ಗಡಿನಾಡಿನ ನಮ್ಮ ಶಾಲೆಗಳ ಹಲಗೆಯ ಮೇಲೂ ಅದೇ ಪದವಿದೆ. ಐದನೆಯ ತರಗತಿಯ ಮಕ್ಕಳಿಗೆ ಈ ಸಂಗತಿಯನ್ನೆಲ್ಲ ಕನ್ನಡದಲ್ಲಿಯೇ ಹೇಳಿದೆ. ಅವರು ಕೇಳಿದ ಪ್ರಶ್ನೆಗಳಿಗೆ ಒಂದು ಗಂಟೆ ಸಾಲಲಿಲ್ಲ. ಎಳೆಯ ಬುದ್ಧಿಯೂ ತನಗೆ ಒಗ್ಗುವ ಮಾಧ್ಯಮದಲ್ಲಿಯೇ ಚೆನ್ನಾಗಿ ಬೆಳೆಯುತ್ತದೆ. ಹದವರಿತು ಊಡುವ ಕೆಲಸವಷ್ಟೇ ನಮ್ಮದು.