ಅವರ ಕುರ್ಚಿಗೆ ತಲೆ ಎಣಿಕೆ, ನಮ್ಮ ತಟ್ಟೆಗೆ ಧ್ವನಿಮತ



ಸಂಸತ್ತಿನ ನಿಯಮ ಬದಲಾಗಬೇಕು, ಸಂಸದರು ಇದ್ದಲ್ಲಿಂದಲೇ ಕಲಾಪದಲ್ಲಿ ಭಾಗವಹಿಸಿ ಎಲೆಕ್ಟ್ರಾನಿಕ್ ಮತ ಹಾಕುವಂತಾಗಬೇಕು ಅನ್ನೋ ಮಾತು ಕೊರೊನಾ ಕಾಲದಿಂದ ಆಗಾಗ ಕೇಳಿಬರ್ತಿದೆ. "ಅಣ್ಣ, ಇದು ದೊಡ್ಡೋರ ವಿಷಯ, ನಮ್ಮ ಕೇರಿಗೂ ಇದಕ್ಕೂ ಏನು ಸಂಬಂಧ?" ಅಂತ ನಮ್ಮ ಹುಡುಗರು ಕೇಳ್ತಾರೆ. ಸಂಬಂಧ ಇದೆ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ.

ಮೊದಲು ಮತದ ವಿಷಯ. ಸದನದಲ್ಲಿ ಸಾಮಾನ್ಯವಾಗಿ ನಡೆಯೋದು ಧ್ವನಿಮತ. ಪರ ಇರುವವರು ಹೌದು ಅನ್ನಬೇಕು, ವಿರೋಧ ಇರುವವರು ಇಲ್ಲ ಅನ್ನಬೇಕು. ಯಾವ ಕಡೆ ಬಹುಮತ ಇದೆ ಅಂತ ಪೀಠಕ್ಕೆ ಅನ್ಸುತ್ತೋ ಆ ಕಡೆ ಗೆಲುವು. ಯಾರು ಏನಂದರು ಅನ್ನೋದು ಎಲ್ಲೂ ದಾಖಲಾಗಲ್ಲ. ಇನ್ನೊಂದು ಮತವಿಭಜನೆ. ಸದಸ್ಯರು ಗುಂಡಿ ಒತ್ತುತ್ತಾರೆ, ಒಬ್ಬೊಬ್ಬರ ಹೆಸರಿನ ಮುಂದೆ ಅವರ ಮತ ಉಳಿಯುತ್ತೆ. ಲೋಕಸಭೆಯಲ್ಲಿ ಇದಕ್ಕೆ ಯಂತ್ರ ಬಂದು 1957ಕ್ಕೇ ಆಯ್ತು. ಅಂದರೆ ಯಂತ್ರಕ್ಕೆ ಕೊರತೆ ಇಲ್ಲ. ಪ್ರತಿ ಮಸೂದೆಗೂ ಅದನ್ನು ಬಳಸಲೇಬೇಕು ಅನ್ನೋ ನಿಯಮ ಇಲ್ಲ, ಅಷ್ಟೇ.

ಸಂವಿಧಾನ ತಿದ್ದುಪಡಿ ಆದರೆ ಎಣಿಸದೆ ವಿಧಿಯಿಲ್ಲ. 368ನೇ ವಿಧಿ ವಿಶೇಷ ಬಹುಮತ ಕೇಳುತ್ತೆ. ಹಾಗಾಗಿಯೇ 2019ರ ಜನವರಿಯಲ್ಲಿ ಮೇಲ್ಜಾತಿ ಬಡವರ ಶೇ. 10 ಮೀಸಲಾತಿ ಲೋಕಸಭೆಯಲ್ಲಿ 323–3, ರಾಜ್ಯಸಭೆಯಲ್ಲಿ 165–7 ಮತಗಳಿಂದ ಪಾಸಾಯ್ತು ಅಂತ ನಾವು ಲೆಕ್ಕ ಸಮೇತ ಹೇಳಬಹುದು. ಲೋಕಸಭೆಯಲ್ಲಿ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರಗಳೇ 84. ವಿರೋಧಕ್ಕೆ ಬಿದ್ದ ಮತ ಮೂರು. ಈ ಎರಡು ಸಂಖ್ಯೆ ಅಕ್ಕಪಕ್ಕ ಇಟ್ಟು ನೋಡಿ. ದಾಖಲೆ ಇದ್ದದ್ದಕ್ಕೇ ಈ ಪ್ರಶ್ನೆ ಕೇಳೋಕೆ ಸಾಧ್ಯ ಆಗಿದೆ.

ಈಗ 2020ರ ಸೆಪ್ಟೆಂಬರ್ ಅಧಿವೇಶನ ನೆನಪು ಮಾಡಿಕೊಳ್ಳಿ. ಕೊರೊನಾ ಅಂತ ರಾಜ್ಯಸಭೆಯ ಸದಸ್ಯರನ್ನು ತಮ್ಮ ಸದನದಲ್ಲಿ, ಗ್ಯಾಲರಿಗಳಲ್ಲಿ, ಲೋಕಸಭೆಯ ಸಭಾಂಗಣದಲ್ಲಿ ಹಂಚಿ ಕೂರಿಸಿದ್ದರು. ಒಂದು ಹಾಲಿನಲ್ಲಿ ಕೂತು ಪರದೆ ಮೇಲೆ ಇನ್ನೊಂದು ಹಾಲಿನ ಕಲಾಪ ನೋಡ್ತಿದ್ದರು. ಅಂದರೆ ದೂರದಿಂದ ಭಾಗವಹಿಸೋಕೆ ನಿಯಮ ಆಗಲೇ ಸಡಿಲ ಆಗಿತ್ತು. ಆದರೆ ಸೆಪ್ಟೆಂಬರ್ 20ರಂದು ಕೃಷಿ ಮಸೂದೆಗಳು ಬಂದಾಗ ಪ್ರತಿಪಕ್ಷದವರು ಮತವಿಭಜನೆ ಕೇಳಿದರು, ಸಿಗಲಿಲ್ಲ. ಕೇಳಿದವರು ತಮ್ಮ ಆಸನದಲ್ಲಿ ಇರಲಿಲ್ಲ ಅನ್ನೋದು ಪೀಠದ ಸಮರ್ಥನೆ. ಆಸನದಲ್ಲಿದ್ದೇ ಕೇಳಿದೆವು ಅನ್ನೋದು ಕೆಲವು ಸದಸ್ಯರ ಮಾತು. ಧ್ವನಿಮತದಲ್ಲಿ ಪಾಸಾಯ್ತು. ಮಾರನೇ ದಿನ ಎಂಟು ಸದಸ್ಯರು ಅಮಾನತು. ಅದೇ ವಾರ ಕಾರ್ಮಿಕ ಸಂಹಿತೆಗಳೂ ಧ್ವನಿಮತದಲ್ಲೇ ದಾಟಿಹೋದವು. ಗುತ್ತಿಗೆ ಮೇಲೆ ಬೀದಿ ಗುಡಿಸೋ, ಚರಂಡಿ ತೆಗೆಯೋ ನಮ್ಮ ಜನರ ಬದುಕಿನ ಕಾನೂನುಗಳವು. ಯಾವ ಸಂಸದ ಹೌದು ಅಂದ, ಯಾರು ಸುಮ್ಮನಿದ್ದ? ಸದನದ ದಾಖಲೆಯಲ್ಲಿ ಉತ್ತರ ಇಲ್ಲ.

ದೆಹಲಿ ಬಿಡಿ, ವಿಧಾನಸೌಧಕ್ಕೇ ಬನ್ನಿ. 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರದ ವಿಶ್ವಾಸಮತ. ಶಾಸಕರನ್ನು ಸಾಲು ಸಾಲಾಗಿ ಎಬ್ಬಿಸಿ ನಿಲ್ಲಿಸಿ ತಲೆ ಎಣಿಸಿದರು. 99–105. ಒಂದು ತಲೆ ಹೆಚ್ಚುಕಮ್ಮಿ ಆಗದಂತೆ ನೋಡಿಕೊಂಡರು. 2021ರ ಫೆಬ್ರವರಿ 8ರಂದು ವಿಧಾನ ಪರಿಷತ್ತಿನಲ್ಲಿ ಗೋಹತ್ಯೆ ನಿಷೇಧ ಮಸೂದೆ. ಗದ್ದಲದ ನಡುವೆ ಧ್ವನಿಮತ, ಮುಗೀತು. ಅವರ ಕುರ್ಚಿ ಪ್ರಶ್ನೆ ಬಂದಾಗ ತಲೆ ಎಣಿಕೆ. ನಮ್ಮ ತಟ್ಟೆ ಪ್ರಶ್ನೆ ಬಂದಾಗ ಗದ್ದಲದಲ್ಲಿ ಕೇಳಿಸಿದ್ದೇ ಲೆಕ್ಕ.

"ವಿಪ್ ಇರುತ್ತಲ್ಲ ಸಾರ್, ದಾಖಲೆ ಮಾಡಿ ಏನು ಪ್ರಯೋಜನ?" ಅಂತ ಕೆಲವರು ವಾದ ಮಾಡ್ತಾರೆ. 1932ರ ಪೂನಾ ಒಪ್ಪಂದದಲ್ಲಿ ಪ್ರತ್ಯೇಕ ಮತಕ್ಷೇತ್ರ ಕಳಕೊಂಡು 148 ಮೀಸಲು ಸ್ಥಾನ ಪಡೆದೆವು. ಅಂದಿನಿಂದ ನಮ್ಮ ಪ್ರತಿನಿಧಿ ಗೆಲ್ಲಬೇಕಾದರೆ ಬೇರೆಯವರ ಓಟೂ ಬೇಕು, ಬೇರೆಯವರ ಪಕ್ಷದ ಟಿಕೆಟ್ಟೂ ಬೇಕು. ಅವರ ಮೇಲೆ ನಮಗೆ ಉಳಿದಿರೋ ಹಿಡಿತ ಲೆಕ್ಕ ಕೇಳೋದು ಒಂದೇ. ವಿಪ್‌ಗೆ ಹೆದರಿ ಗುಂಡಿ ಒತ್ತಿದರೋ, ಗೈರಾದರೋ, ತಟಸ್ಥವಾಗಿ ಉಳಿದರೋ, ಅದು ಗೊತ್ತಾದರೆ ತಾನೇ ಊರಿಗೆ ಬಂದಾಗ ಎದುರು ನಿಂತು ಕೇಳೋದು?

"ಇವಿಎಂ ಮೇಲೇ ನಂಬಿಕೆ ಇಲ್ಲ, ಇನ್ನು ಇದು ಬೇರೆ" ಅಂತ ಕಾಮೆಂಟ್ ಬರುತ್ತೆ ಅಂತ ಗೊತ್ತು. ಎರಡೂ ಒಂದೇ ಅಲ್ಲ. ನಮ್ಮ ಮತ ಗುಟ್ಟಾಗಿರಬೇಕು, ಯಾಕಂದ್ರೆ ಊರ ಯಜಮಾನನಿಗೆ ಅದು ಕಾಣಬಾರದು. ನಮ್ಮ ಪ್ರತಿನಿಧಿಯ ಮತ ಬಯಲಾಗಿರಬೇಕು, ಯಾಕಂದ್ರೆ ಅದು ನಮಗೆ ಕಾಣಲೇಬೇಕು. ಸದನದಲ್ಲಿ ಯಂತ್ರ ತಪ್ಪಿದರೆ ಚೀಟಿ ಕೊಟ್ಟು ಸರಿಪಡಿಸಬಹುದು. 2024ರ ಡಿಸೆಂಬರ್ 17ರಂದು ಏಕಕಾಲದ ಚುನಾವಣೆ ಮಸೂದೆ ಮಂಡನೆಗೆ ಹೊಸ ಲೋಕಸಭೆಯಲ್ಲಿ ಮೊದಲ ಸಲ ಎಲೆಕ್ಟ್ರಾನಿಕ್ ಮತ ನಡೀತು. ಯಂತ್ರದ ಲೆಕ್ಕದ ಜೊತೆ ಚೀಟಿಗಳನ್ನೂ ಸೇರಿಸಿ 269–198 ಅಂತ ಘೋಷಿಸಿದರು.

ಇನ್ನು ದೂರದಿಂದ ಭಾಗವಹಿಸೋ ವಿಷಯ. ಇಲ್ಲಿ ನಾನು ಸ್ವಲ್ಪ ಹುಷಾರು. ಯಾಕಂದ್ರೆ ನಮ್ಮ ಜನಕ್ಕೆ ಇದು ಹೊಸದಲ್ಲ. ನಮ್ಮ ಚಿಕ್ಕವ್ವ ಒಂದು ಅವಧಿಗೆ ಗ್ರಾಮ ಪಂಚಾಯ್ತಿ ಸದಸ್ಯೆ ಆಗಿದ್ದರು. ಸಭೆ ಇದೆ ಅಂತ ನೋಟಿಸ್ ಬರ್ತಿರಲಿಲ್ಲ. ಬದಲಿಗೆ ನಡವಳಿ ಪುಸ್ತಕವೇ ಮನೆ ಬಾಗಿಲಿಗೆ ಬರ್ತಿತ್ತು. "ನೀವ್ಯಾಕೆ ಬಿಸ್ಲಲ್ಲಿ ಬರೋಕೆ ಹೋಗ್ತೀರಕ್ಕ, ಇಲ್ಲೇ ಒಂದು ರುಜು ಹಾಕಿ" ಅಂತ ಬಿಲ್ ಕಲೆಕ್ಟರ್ ಪೆನ್ನು ಕೊಡ್ತಿದ್ದ. ಹಾಗೆ ಹಾಕಿಸಿಕೊಂಡ ಒಂದು ರುಜುವಿನಲ್ಲಿ ಕೇರಿಗೆ ಬರಬೇಕಿದ್ದ ಚರಂಡಿ ಕೆಲಸ ಮೇಲಿನ ಬೀದಿಗೆ ಹೋಯ್ತು. ಆಮೇಲಿಂದ ಚಿಕ್ಕವ್ವ ಕೂಲಿ ಬಿಟ್ಟು ಸಭೆಗೇ ಹೋಗೋಕೆ ಶುರು ಮಾಡಿದರು. ಮೊದಲ ಸಭೆಯಲ್ಲಿ ಕುರ್ಚಿ ಇರಲಿಲ್ಲ, ಬಾಗಿಲ ಹತ್ತಿರ ನಿಂತೇ ಇದ್ದರು. "ಬರೆದದ್ದು ಓದಿ ಹೇಳಿ, ಆಮೇಲೆ ರುಜು" ಅಂತ ಹಠ ಹಿಡಿದ ಮೇಲೆ ಕುರ್ಚಿ ಬಂತು. ಚರಂಡಿ ಬರೋಕೆ ಇನ್ನೂ ಎರಡು ವರ್ಷ ಬೇಕಾಯ್ತು.

ನಮ್ಮ ಪಾಲಿಗೆ ಹಾಜರಿ ಅಂದರೆ ಬರೀ ಸಹಿ ಅಲ್ಲ. ನಮ್ಮ ದೇಹ ಆ ಕುರ್ಚಿಯಲ್ಲಿ ಕೂರೋದೇ ಒಂದು ಹೋರಾಟ. "ಮನೆಯಿಂದಲೇ ಭಾಗವಹಿಸಿ" ಅನ್ನೋ ಸೌಲಭ್ಯ "ನೀವು ಮನೆಯಲ್ಲೇ ಇರಿ" ಅನ್ನೋ ಆಜ್ಞೆ ಆಗೋಕೆ ಜಾಸ್ತಿ ದಿನ ಬೇಕಿಲ್ಲ. ಮೈಕ್ ಆಫ್ ಮಾಡೋ ಗುಂಡಿ ಯಾರ ಕೈಯಲ್ಲಿರುತ್ತೆ ಅಂತ ಬಿಡಿಸಿ ಹೇಳಬೇಕಾ?

ಹಾಗಂತ ಬೇಡವೇ ಬೇಡ ಅನ್ನೋಕಾಗಲ್ಲ. ಬಾಣಂತಿ ಸಂಸದೆ, ಆಸ್ಪತ್ರೆಯಲ್ಲಿರುವ ಸದಸ್ಯ, ಅಂಗವಿಕಲರು ಏನು ಮಾಡಬೇಕು? 2023ರ ಆಗಸ್ಟ್‌ನಲ್ಲಿ ದೆಹಲಿ ಸೇವೆಗಳ ಮಸೂದೆಗೆ ಮತ ಹಾಕೋಕೆ 90 ವರ್ಷದ ಮನಮೋಹನ್ ಸಿಂಗ್ ಗಾಲಿಕುರ್ಚಿಯಲ್ಲಿ ರಾಜ್ಯಸಭೆಗೆ ಬರಬೇಕಾಯ್ತು. ಸ್ಪೇನ್ ಸಂಸತ್ತಿನ ಕೆಳಮನೆ ಕೊರೊನಾಗೆ ಎಷ್ಟೋ ಮೊದಲೇ ಗರ್ಭಿಣಿಯರಿಗೆ, ಬಾಣಂತಿಯರಿಗೆ, ತೀವ್ರ ಕಾಯಿಲೆಯವರಿಗೆ ದೂರದಿಂದ ಮತ ಹಾಕೋ ಅವಕಾಶವನ್ನು ನಿಯಮದಲ್ಲೇ ಬರೆದಿತ್ತು. ಬ್ರಿಟನ್ನಿನ ಕಾಮನ್ಸ್ ಸಭೆ 2020ರ ಮೇ ತಿಂಗಳಲ್ಲಿ ಆನ್‌ಲೈನ್ ಮತ ಶುರು ಮಾಡಿ ಜೂನ್ ಆರಂಭದಲ್ಲೇ ನಿಲ್ಲಿಸಿತು. ಗಟ್ಟಿ ಇದ್ದವರು ಉದ್ದನೆಯ ಸಾಲಿನಲ್ಲಿ ನಿಂತು ಮತ ಹಾಕಿದರು. ಕಾಯಿಲೆಗೆ ಹೆದರಿ ಮನೆಯಲ್ಲಿದ್ದವರು ಹೊರಗುಳಿದರು. ತಾತ್ಕಾಲಿಕ ಅನುಮತಿಯ ಹಣೆಬರಹ ಇಷ್ಟೇ.

ನಮ್ಮ ಸಂವಿಧಾನದ 100ನೇ ವಿಧಿ "ಹಾಜರಿದ್ದು ಮತ ಹಾಕುವ" ಸದಸ್ಯರ ಬಹುಮತ ಅನ್ನುತ್ತೆ. ಸದನ ಹೇಗೆ ನಡೀಬೇಕು ಅನ್ನೋ ನಿಯಮ ಮಾಡಿಕೊಳ್ಳೋ ಅಧಿಕಾರವನ್ನು 118ನೇ ವಿಧಿ ಆಯಾ ಸದನಕ್ಕೇ ಕೊಟ್ಟಿದೆ. ಹಾಗಾಗಿ ಚರ್ಚೆ ಮಾಡಲಿ, ಆದರೆ ಈ ಕ್ರಮದಲ್ಲಿ ಮಾಡಲಿ. ಮೊದಲು ಪ್ರತಿ ಮಸೂದೆಗೂ ಹೆಸರು ಸಮೇತ ದಾಖಲಾಗುವ ಮತ ಕಡ್ಡಾಯ ಆಗಲಿ, ಸಂಸತ್ತಿನಲ್ಲೂ ವಿಧಾನಸೌಧದಲ್ಲೂ. ಆ ಪಟ್ಟಿ ಅದೇ ದಿನ ಕನ್ನಡದಲ್ಲೂ ಸಿಗಲಿ. ಆಮೇಲೆ ದೂರದ ಮತ. ಅದು ಸದಸ್ಯರು ಕೇಳಿ ಪಡೆಯುವ ಹಕ್ಕಾಗಬೇಕು, ಪೀಠ ಕೊಡುವ ಭಿಕ್ಷೆ ಆಗಬಾರದು. ಯಾರನ್ನೂ "ಅಲ್ಲೇ ಇರಿ" ಅನ್ನೋ ಅಧಿಕಾರ ಯಾರಿಗೂ ಇರಬಾರದು.

ಅದು ಆಗೋವರೆಗೆ ಸುಮ್ಮನೆ ಕೂರೋದು ಬೇಡ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರ 36, ಲೋಕಸಭಾ ಕ್ಷೇತ್ರ 5. ಮುಂದಿನ ಸಲ ನಿಮ್ಮವರು ಜಯಂತಿಗೆ ಹಾರ ಹಾಕೋಕೆ ಬಂದಾಗ ಮೈಕ್ ಕೊಡೋ ಮುಂಚೆ ಒಂದು ಪ್ರಶ್ನೆ ಕೇಳಿ: ನೀವು ಯಾವ ಮಸೂದೆಗೆ ಹೌದು ಅಂದಿರಿ, ಯಾವುದಕ್ಕೆ ಇಲ್ಲ ಅಂದಿರಿ? ಉತ್ತರ ವಿಡಿಯೋ ಮಾಡಿ ಇಲ್ಲಿ ಹಾಕಿ.

ಜೈ ಭೀಮ್.